ಕನ್ನಡಕಕ್ಕೆ ಬಗ್ಗದ ಮಬ್ಬು

ರೋಣ, ನರಗುಂದ, ಗಜೇಂದ್ರಗಡಗಳ ಹಿರಿಯರಿಗೆ ದೃಷ್ಟಿ ಮಂಜಾಯಿತೆಂದರೆ ಮೊದಲು ನೆನಪಾಗುವುದು ಮೋತಿಬಿಂದು. ಬೀಳಗಿಯವರಾದ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ, ಪೊರೆ ತೆಗೆದು, ಹೋದ ಬೆಳಕನ್ನು ಮರಳಿ ತಂದುಕೊಟ್ಟ ನಾಡಿದು. ಮಬ್ಬು ಬಲಿಯಲಿ, ಆಮೇಲೆ ತೆಗೆಸಿದರಾಯಿತು ಎಂಬ ಧೈರ್ಯ ಇಲ್ಲಿ ಸಹಜವೇ. ಆದರೆ ತಲೆಬುರುಡೆಯೊಳಗಿಂದ ಬರುವ ಇನ್ನೊಂದು ಮಬ್ಬಿದೆ. ಅದಕ್ಕೆ ಕಾಯುವುದೇ ಅಪಾಯ.

ಕಣ್ಣಿನ ನರವು ಮಿದುಳಿನದೇ ಒಂದು ಕವಲು. ಮಿದುಳನ್ನು ಸುತ್ತುವರಿದ, ಸುಮಾರು 150 ಮಿಲಿಲೀಟರಿನಷ್ಟಿರುವ ತಿಳಿದ್ರವವು ಈ ನರದ ಹೊದಿಕೆಯೊಳಗೂ ಕಣ್ಣುಗುಡ್ಡೆಯ ಹಿಂಬದಿಯವರೆಗೆ ಹಬ್ಬಿರುತ್ತದೆ. ಗೆಡ್ಡೆಯಿಂದಲೋ, ಮಿದುಳಿನ ಹೊದಿಕೆಗೆ ತಗುಲಿದ ಕ್ಷಯದಿಂದಲೋ, ರಕ್ತನಾಳದಲ್ಲಿ ಕಟ್ಟಿದ ಹೆಪ್ಪಿನಿಂದಲೋ ಒಳಗೆ ಒತ್ತಡವೇರಿದರೆ ಬುರುಡೆ ಹಿಗ್ಗಲಾರದು. ಒತ್ತಡವು ಈ ದಾರಿ ಹಿಡಿದು ನರದ ತಂತುಗಳನ್ನು ಅದುಮುತ್ತದೆ. ತಂತುಗಳೊಳಗಿನ ಸಾಗಾಟ ತಡೆದು ನರದ ತುದಿ ಬಾತುಕೊಳ್ಳುತ್ತದೆ. ಮೋಸವಿರುವುದು ಮುಂದೆ. ಆರಂಭದಲ್ಲಿ ರೋಗಿಯು ಫಲಕದ ಕೊನೆಯ ಸಾಲನ್ನೂ ಓದಬಲ್ಲನು! ಬೆಳಗಿನ ತಲೆನೋವು, ವಾಂತಿ, ಬಗ್ಗಿ ಎದ್ದಾಗ ಕೆಲವು ಕ್ಷಣ ಕಣ್ಣು ಕತ್ತಲಿಡುವುದು - ಇವನ್ನೆಲ್ಲ ಪಿತ್ತವೆಂದು ತಳ್ಳಿಹಾಕುವುದು ಸುಲಭ.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಲೋಕಕ್ಕೆ ತಿಳಿಸಿದ ನೇತ್ರದರ್ಶಕದಿಂದ ವೈದ್ಯರು ಆ ಬಾವನ್ನು ನೇರವಾಗಿ ಕಾಣಬಲ್ಲರು. ಕಂಡರೆ ಗದಗಿಗೋ ಹುಬ್ಬಳ್ಳಿಗೋ ಅಂದೇ ಹೊರಟು ಮಿದುಳಿನ ಚಿತ್ರ ತೆಗೆಸುವುದು ಲೇಸು. ವೇಳೆಗೆ ಸರಿಯಾಗಿ ಒತ್ತಡವಿಳಿದರೆ ಬಾವು ಇಳಿದು ದೃಷ್ಟಿ ಉಳಿಯುವುದುಂಟು. ನರ ಒಣಗಿ ಬಿಳಿಚಿದ ಮೇಲೆ ಯಾವ ಶಸ್ತ್ರಕ್ರಿಯೆಯೂ ಅದನ್ನು ಮರಳಿಸದು.