ಅಡಿಗೆಮನೆಯ ಮಾತು: ಮನೆಗೆಲ್ಲ ಒಂದೇ ತಿಂಡಿ



ಕಳೆದ ಸಂಚಿಕೆಯಲ್ಲಿ ಹಬ್ಬದ ಸಿಹಿತಿಂಡಿಗಳ ವಿಚಾರ ಬರೆದಿದ್ದೆ. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ಈ ಸಲ ಬೆಳಗಿನ ತಿಂಡಿಯ ವಿಚಾರವನ್ನು ಎತ್ತಿಕೊಂಡಿದ್ದೇನೆ. ಪರರ ಮನೆಯ ಮಾತೇಕೆ, ನಮ್ಮ ಮನೆಯದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಯಜಮಾನರ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಾಗಿದೆಯೆಂದು ಪರೀಕ್ಷೆಯಲ್ಲಿ ತಿಳಿಯಿತು. ಆಗ ಅವರಿಗೆ ವಯಸ್ಸು 44. ವೈದ್ಯರು ಮಾತ್ರೆ ಬರೆದುಕೊಟ್ಟು, "ಬೆಳಿಗ್ಗೆ ಏನು ತಿನ್ನುತ್ತೀರಿ?" ಎಂದು ವಿಚಾರಿಸಿದರು. ಸೋಮವಾರ ಇಡ್ಲಿ, ಮಂಗಳವಾರ ಉಪ್ಪಿಟ್ಟು, ಬುಧವಾರ ಅವಲಕ್ಕಿ, ಗುರುವಾರ ದೋಸೆ ಎಂದು ನಾನು ಹೆಮ್ಮೆಯಿಂದ ಒಪ್ಪಿಸಿದೆ. ಅವರು ನಕ್ಕು, "ಹೆಸರು ನಾಲ್ಕು, ತಿನ್ನುವುದು ಮಾತ್ರ ಒಂದೇ. ಎಲ್ಲವೂ ಪಿಷ್ಟ," ಎಂದರು. ನನ್ನ ಹೆಮ್ಮೆ ಅಲ್ಲಿಯೇ ಇಳಿಯಿತು.

ಮಾರನೆಯ ದಿನದಿಂದ ಮನೆಯಲ್ಲಿ ಎರಡು ಅಡಿಗೆ. ಮಕ್ಕಳಿಗೆ ದೋಸೆ, ಅವರಿಗೆ ಸೌತೆಕಾಯಿ ಮತ್ತು ಬೇಯಿಸಿದ ಕಾಳು. ಏಳು ಗಂಟೆಗೆ ಶಾಲೆಯ ಬಸ್ಸು, ಏಳೂವರೆಗೆ ಅವರ ಲೋಕಲ್ ಗಾಡಿ. ಇದರ ನಡುವೆ ಎರಡು ಬಗೆ ತಿಂಡಿ ಮಾಡುವ ಕಷ್ಟ ಏನೆಂಬುದನ್ನು ಈ ಊರಿನ ಗೃಹಿಣಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿರಿಯ ಮಗಳು ಒಂದು ದಿನ, "ಅಮ್ಮಾ, ಅಪ್ಪ ಏನು ತಪ್ಪು ಮಾಡಿದ್ದಾರೆ?" ಎಂದು ಕೇಳಿದಳು. ನಾನು ಉತ್ತರಿಸಲಾರದೆ ಹೋದೆ. ತಿಂಗಳು ಕಳೆಯುವುದರೊಳಗೆ, ಇವರು ಸ್ಟೇಷನ್ನಿನ ಹೊರಗೆ ದಿನವೂ ವಡಾಪಾವ್ ತಿನ್ನುತ್ತಿದ್ದಾರೆಂಬ ಸಮಾಚಾರವೂ ಬಂತು! ಒಬ್ಬರನ್ನೇ ಪಂಕ್ತಿಯಿಂದ ಬೇರೆ ಕೂರಿಸಿದರೆ ಆಗುವುದು ಇದೇ.

ಕೊನೆಗೆ ದಾರಿ ತೋರಿಸಿದವರು ಹಾಸನದಲ್ಲಿರುವ ನಮ್ಮ ಅತ್ತೆಯವರು. ದೂರವಾಣಿಯಲ್ಲಿ ಎಲ್ಲವನ್ನೂ ಕೇಳಿ, "ನುಚ್ಚಿನುಂಡೆ ಮರೆತೇಹೋಯಿತೇನಮ್ಮಾ? ಅದರಲ್ಲಿ ಅಕ್ಕಿ ಎಲ್ಲಿದೆ?" ಎಂದರು. ಅಂದಿನಿಂದ ನಾನು ಕಲಿತದ್ದು ಇಷ್ಟೆ: ತಿಂಡಿಯನ್ನು ಬಿಡಿಸಬೇಕಾಗಿಲ್ಲ, ಅಳತೆಯನ್ನು ತಿರುವಿ ಹಾಕಿದರೆ ಸಾಕು. ಅಕ್ಕಿ ರವೆಗಳಿದ್ದ ಜಾಗದಲ್ಲಿ ಬೇಳೆ, ಬೇಳೆಯಿದ್ದ ಜಾಗದಲ್ಲಿ ತರಕಾರಿ. ಮನೆಗೆಲ್ಲ ಅದೇ ತಿಂಡಿ.

ಲೆಕ್ಕವನ್ನು ನೋಡಿರಿ. 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ಸಸಾರಜನಕ, ಎಂದರೆ ಪ್ರೋಟೀನು, 7-8 ಗ್ರಾಂ ಮಾತ್ರ. ಅಷ್ಟೇ ಹೆಸರುಬೇಳೆಯಲ್ಲಿ ಪ್ರೋಟೀನು ಸುಮಾರು 24 ಗ್ರಾಂ. ಪಿಷ್ಟ 60ರ ಒಳಗೆ, ಅದೂ ನಿಧಾನವಾಗಿ ಜೀರ್ಣವಾಗುವಂಥದು. ಹೊಟ್ಟೆ ಹೊತ್ತು ತಾಳುತ್ತದೆ. ಮಕ್ಕಳು ಹತ್ತು ಗಂಟೆಗೇ ಹಸಿವೆಂದು ಬಿಸ್ಕತ್ತಿಗೆ ಕೈಹಾಕುವುದು ತಪ್ಪುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅದು ಅಂದಾಜು ಮಾಡಿದೆ. ಆದ್ದರಿಂದ ಇದು ಒಂದು ಮನೆಯ ಮಾತಲ್ಲ.

ಇನ್ನು ನಮ್ಮ ಮನೆಯಲ್ಲಿ ನಿಂತುಹೋದ ನಾಲ್ಕು ತಿಂಡಿಗಳನ್ನು ಹೇಳುತ್ತೇನೆ. ಅಳತೆ ನಾಲ್ವರಿಗೆ.

ನುಚ್ಚಿನುಂಡೆ: ಒಂದು ಲೋಟ ತೊಗರಿಬೇಳೆ, ಅರ್ಧ ಲೋಟ ಕಡಲೆಬೇಳೆಗಳನ್ನು ಸಂಜೆ ಮೂರು ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿದು, ಹಸಿಮೆಣಸು ಶುಂಠಿಗಳೊಡನೆ ತರಿತರಿಯಾಗಿ ರುಬ್ಬಿಡಿ. ನೀರು ಸೋಕಿಸಬೇಡಿ. ರಾತ್ರಿ ಫ್ರಿಜ್ಜಿನಲ್ಲಿರಲಿ. ಬೆಳಿಗ್ಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಕಾಯಿತುರಿ, ಕರಿಬೇವು, ಇಂಗು, ಉಪ್ಪು ಕಲಸಿ, ಉಂಡೆ ಕಟ್ಟಿ, ಇಡ್ಲಿಪಾತ್ರೆಯಲ್ಲಿ 15 ನಿಮಿಷ ಹಬೆಯಲ್ಲಿ ಬೇಯಿಸಿ. ಮಜ್ಜಿಗೆಹುಳಿಯಾಗಲಿ ಚಟ್ನಿಯಾಗಲಿ ಜೊತೆಗಿರಲಿ. ಉಳಿದ ಉಂಡೆಗಳನ್ನು ಪುಡಿಮಾಡಿ, ಬೇಯಿಸಿದ ಹುರುಳಿಕಾಯಿಗೆ ಸೇರಿಸಿ ಒಗ್ಗರಣೆ ಕೊಟ್ಟರೆ ಮಧ್ಯಾಹ್ನದ ಡಬ್ಬಿಗೆ ಪಲ್ಯವಾಯಿತು. ಮದರಾಸಿನ ಸೋದರಿಯರು ಇದನ್ನು ನೆರೆಮನೆಯ ಉಸಿಲಿಯೆಂದು ಗುರುತಿಸುವರು.

ಹೆಸರುಕಾಳಿನ ದೋಸೆ: ಎರಡು ಲೋಟ ಹೆಸರುಕಾಳಿಗೆ ಎರಡೇ ಚಮಚ ಅಕ್ಕಿ ಸೇರಿಸಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಶುಂಠಿ, ಜೀರಿಗೆ, ಉಪ್ಪಿನೊಡನೆ ರುಬ್ಬಿ, ಹುಳಿ ಬರುವುದನ್ನು ಕಾಯದೆ ಆಗಲೇ ಹುಯ್ಯಿರಿ. ಮೇಲೆ ಕ್ಯಾರೆಟ್ ತುರಿ, ಈರುಳ್ಳಿ ಉದುರಿಸಿ. ಹೈದರಾಬಾದಿನವರಿಗೆ ಇದು ಪೆಸರಟ್ಟು. ಅವರಿಗೆ ನಾನು ಹೇಳಿಕೊಡಬೇಕಾದುದು ಏನೂ ಇಲ್ಲ. ಅದರೊಳಗೆ ಉಪ್ಪಿಟ್ಟು ತುಂಬುವುದನ್ನು ಮಾತ್ರ ಭಾನುವಾರಕ್ಕೆ ಇಟ್ಟುಕೊಳ್ಳಿ.

ಕಡಲೆಹಿಟ್ಟಿನ ದೋಸೆ: ನೆನೆಹಾಕಲು ಮರೆತ ದಿನಕ್ಕೆ ಇದು. ಒಂದೂವರೆ ಲೋಟ ಹಿಟ್ಟಿಗೆ ಓಮ, ಅರಿಸಿನ, ಉಪ್ಪು, ಹೆಚ್ಚಿದ ಟೊಮೇಟೊ, ಕೊತ್ತಂಬರಿ ಸೇರಿಸಿ, ಗಂಟಿಲ್ಲದಂತೆ ದೋಸೆಹಿಟ್ಟಿನ ಹದಕ್ಕೆ ಕಲಸಿ. ಎರಡು ಕಡೆಯೂ ಚೆನ್ನಾಗಿ ಬೇಯಲಿ, ಹಸಿಹಿಟ್ಟು ಹೊಟ್ಟೆಗೆ ಒಗ್ಗದು. ಪುಣೆಯ ನೆರೆಯವರು ಇದನ್ನು ಧಿರಡೆ ಎನ್ನುತ್ತಾರೆ, ದೆಹಲಿಯವರು ಚೀಲಾ ಎನ್ನುತ್ತಾರೆ. ಒಳಗೆ ಪನೀರಿನ ಪುಡಿ ಇಟ್ಟು ಮಡಿಚಿದರೆ ಮಕ್ಕಳು ಕೇಳಿ ಹಾಕಿಸಿಕೊಳ್ಳುವರು. ಮೊಟ್ಟೆ ತಿನ್ನುವ ಮನೆಗಳಲ್ಲಿ ಒಂದೊಂದು ಮೊಟ್ಟೆಯೂ ಆಗಬಹುದು; ಅದರಲ್ಲಿ ಪ್ರೋಟೀನು 6 ಗ್ರಾಂ, ಪಿಷ್ಟ ಇಲ್ಲವೆಂದೇ ಹೇಳಬೇಕು.

ತರಕಾರಿ ಉಪ್ಪಿಟ್ಟು: ಎರಡು ಲೋಟ ರವೆಗೆ ಒಂದು ಹಿಡಿ ತರಕಾರಿ ಹಾಕುವುದು ರೂಢಿ. ಒಂದು ಲೋಟ ರವೆಗೆ ಎರಡೂವರೆ ಲೋಟ ಹುರುಳಿಕಾಯಿ, ಕೋಸು, ಬಟಾಣಿ ಹಾಕಿ ನೋಡಿ. ಒಗ್ಗರಣೆಗೆ ಒಂದು ಹಿಡಿ ಕಡಲೆಕಾಯಿ ಬೀಜವೂ ಇರಲಿ. ತಟ್ಟೆ ತುಂಬುತ್ತದೆ, ರವೆ ಅರ್ಧ.

ರಾಗಿಯ ಮಾತನ್ನೂ ಇಲ್ಲಿ ಆಡಲೇಬೇಕು, ಏಕೆಂದರೆ ನಾನೂ ಮೋಸಹೋಗಿದ್ದೆ. ರಾಗಿ ಉತ್ತಮ ಧಾನ್ಯವೇ ಸರಿ. 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವಿದೆ, ಬೆಳೆಯುವ ಮಕ್ಕಳ ಮೂಳೆಗೆ ಹಿತ. ಆದರೆ ಪಿಷ್ಟದಲ್ಲಿ ಅದು ಅಕ್ಕಿಗಿಂತ ಬಹಳ ಹಿಂದೆ ಬಿದ್ದಿಲ್ಲ. "ರಾಗಿಯಲ್ಲವೇ" ಎಂದು ಲೋಟಗಟ್ಟಲೆ ಗಂಜಿ ಕುಡಿದರೆ ಸಕ್ಕರೆ ಏರದೆ ಇರದು.

ಎರಡು ಎಚ್ಚರಿಕೆ. ಮೊದಲನೆಯದು ಮಕ್ಕಳದು. ಓಡಿ ಆಡಿ ಬೆಳೆಯುವ ಮಕ್ಕಳಿಗೆ ಪಿಷ್ಟವನ್ನು ಪೂರ್ತಿ ತಪ್ಪಿಸಬಾರದು. ಅದೇ ತಿಂಡಿಯ ಜೊತೆಗೆ ಅವರಿಗೆ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಬೇಕೆಂದರೆ ಒಂದು ಇಡ್ಲಿ ಇರಲಿ. ಎರಡನೆಯದು ಹಿರಿಯರದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ಊಟದ ಅಳತೆಯನ್ನು ಏಕಾಏಕಿ ಕಡಮೆ ಮಾಡಿದರೆ ಸಕ್ಕರೆ ಅಪಾಯಕರವಾಗಿ ಇಳಿದೀತು. ವೈದ್ಯರನ್ನು ಮೊದಲು ಕೇಳಿ, ಆಮೇಲೆ ಬೇಳೆ ನೆನೆಹಾಕಿ. ಮೂತ್ರಪಿಂಡದ ತೊಂದರೆಯಿರುವವರಿಗೂ ಇದೇ ಮಾತು.

ಪವಾಡ ನಡೆಯಿತೆಂದು ಹೇಳಲಾರೆ. ಯಜಮಾನರ ಮಾತ್ರೆ ನಿಂತಿಲ್ಲ, ಸಂಜೆಯ ನಡಿಗೆಯೂ ನಿಂತಿಲ್ಲ. ಆದರೆ ರಕ್ತಪರೀಕ್ಷೆಯ ಕಾಗದ ಬಂದಾಗ ಮನೆಯಲ್ಲಿ ಈಗ ಭಯವಿಲ್ಲ. ವಡಾಪಾವ್ ತಿಂಗಳಿಗೊಮ್ಮೆ, ಅದೂ ನಾಲ್ವರೂ ಒಟ್ಟಿಗೆ ಹೋಗಿ. ಮೊನ್ನೆ ಕಿರಿಯ ಮಗಳು ಅಪ್ಪನ ತಟ್ಟೆಯಿಂದಲೇ ನುಚ್ಚಿನುಂಡೆ ಎತ್ತಿಕೊಂಡು ಬಸ್ಸಿಗೆ ಓಡಿದಳು. ಬೆಳಗಿನ ಗಡಿಬಿಡಿಯಲ್ಲಿ ನನಗೆ ಅಷ್ಟೇ ಬೇಕಾಗಿತ್ತು.

ನಿಮ್ಮ ಊರಿನ ನೆರೆಮನೆಯವರಿಂದ ಕಲಿತ ಬೇಳೆಯ ತಿಂಡಿಗಳಿದ್ದರೆ ಅಳತೆಯೊಡನೆ ಬರೆದು ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರೂ ಹಂಚಿಕೊಳ್ಳೋಣ.