ನವೀಕರಣಗೊಳ್ಳುವ ತಂತ್ರಾಂಶ, ಉಳಿಯಬೇಕಾದ ಅಕ್ಷರ

ಹಳಗನ್ನಡದ ಶಾಸನಗಳಲ್ಲಿ ಸ್ವರರಹಿತ ನಕಾರಕ್ಕೆ 'ನಕಾರ ಪೊಲ್ಲು' ಎಂಬ ವಿಶಿಷ್ಟ ರೂಪವೊಂದಿದೆ. ಯುನಿಕೋಡಿನಲ್ಲಿ ಕನ್ನಡ ಲಿಪಿಗೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಈ ಅಕ್ಷರಕ್ಕೆ ಸಂಕೇತ ಲಭಿಸಿದ್ದು 2021ರಲ್ಲಿ, ಅದರ 14ನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಗಣಕಕ್ಕೆ ಅಳವಡಿಸಿ, ಬಳಿಕ ಎಂದೂ ನವೀಕರಿಸದ ತಂತ್ರಾಂಶ ಹಾಗೂ ಫಾಂಟುಗಳು ಈ ಅಕ್ಷರವನ್ನು ಅರಿಯವು. ಅದರ ಸ್ಥಾನದಲ್ಲಿ ಬರಿದಾದ ಚೌಕವೊಂದು ಕಾಣಿಸುತ್ತದೆ.

ಉಮರ್ಗಾ, ನಿಲಂಗಾ, ಉದಗೀರ ಪರಿಸರದ ಕನ್ನಡಿಗರಿಗೆ ಇದು ದೂರದ ಸಂಗತಿಯಲ್ಲ. ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದ ಈ ಸೀಮೆಯಲ್ಲಿ ಕನ್ನಡ ಶಾಸನಗಳಿವೆ. 1956ರಲ್ಲಿ ಹೈದರಾಬಾದ್ ರಾಜ್ಯವು ವಿಂಗಡಣೆಗೊಂಡು ಬೀದರ, ಕಲಬುರಗಿಗಳು ಒಂದೆಡೆಗೂ ಮರಾಠವಾಡವು ಇನ್ನೊಂದೆಡೆಗೂ ಸೇರಿದ ಮೇಲೆ, ಇಲ್ಲಿಯ ಕನ್ನಡದ ಕೆಲಸ ಬಹುಮಟ್ಟಿಗೆ ಸ್ವಂತ ಬಲದಿಂದಲೇ ಸಾಗಬೇಕಾಗಿದೆ. ಕನ್ನಡ ತಂತ್ರಾಂಶವನ್ನು ಬಲ್ಲ ತಂತ್ರಜ್ಞರು ಇಲ್ಲಿ ಕರೆದಾಗ ದೊರೆಯುವವರಲ್ಲ. ಆದುದರಿಂದ ನಮ್ಮ ಬರವಣಿಗೆಯ ತಂತ್ರಾಂಶವು ತನ್ನನ್ನು ತಾನೇ ನವೀಕರಿಸಿಕೊಳ್ಳುವಂತಿರಬೇಕೆಂಬುದು ನನ್ನ ಸ್ಪಷ್ಟ ನಿಲುವು.

ಇದರ ವಿನ್ಯಾಸ ಕಠಿಣವೇನಲ್ಲ. ಚಾಲನೆಯಲ್ಲಿರುವ ಪ್ರೋಗ್ರಾಂ ತನ್ನ ಮೂಲ ಕಡತದ ಮೇಲೆಯೇ ಹೊಸದನ್ನು ಬರೆಯಲು ವಿಂಡೋಸ್ ಆಸ್ಪದ ಕೊಡುವುದಿಲ್ಲ. ಹೀಗಾಗಿ ಪುಟ್ಟ ಸಹಾಯಕ ಪ್ರೋಗ್ರಾಂ ಒಂದು ಬೇಕು. ಅದು ಹೊಸ ಆವೃತ್ತಿಯನ್ನು ಬೇರೆಡೆ ಇಳಿಸಿಕೊಂಡು, ತಯಾರಕರ ಡಿಜಿಟಲ್ ಸಹಿಯನ್ನು ಪರಿಶೀಲಿಸಿ, ಬಳಕೆದಾರರು ಕೆಲಸ ಮುಗಿಸಿ ಮುಚ್ಚಿದ ಬಳಿಕ ಹಳೆಯದರ ಸ್ಥಾನದಲ್ಲಿ ಹೊಸದನ್ನು ಇರಿಸುತ್ತದೆ.

ಸ್ವಯಂಚಾಲಿತ ನವೀಕರಣವನ್ನು ಶಂಕಿಸುವವರ ಮಾತನ್ನೂ ತಳ್ಳಿಹಾಕಲಾಗದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರ್ಣ ನವೀಕರಣವೊಂದರಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ಇದಕ್ಕೆ ಪರಿಹಾರ ನವೀಕರಣವನ್ನೇ ತೊರೆಯುವುದಲ್ಲ. ಮೊದಲು ಕೆಲವೇ ಗಣಕಗಳಿಗೆ ಕಳುಹಿಸಿ ಪರೀಕ್ಷಿಸುವುದು, ಹೊಸದು ಕೈಕೊಟ್ಟರೆ ಹಿಂದಿರುಗಲು ಹಳೆಯ ಆವೃತ್ತಿಯನ್ನು ಕಾದಿರಿಸುವುದು.

ಇದಕ್ಕಿಂತ ಹಿರಿದಾದ ಹೊಣೆ ಮತ್ತೊಂದಿದೆ. ಯುನಿಕೋಡ್ ರೂಢಿಗೆ ಬರುವ ಮುನ್ನ 'ನುಡಿ', 'ಬರಹ'ಗಳ ಹಳೆಯ ಫಾಂಟುಗಳಲ್ಲಿ ಅಪಾರ ಕನ್ನಡ ಸಾಮಗ್ರಿ ಬೆರಳಚ್ಚಾಗಿದೆ. ಆ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳನ್ನೇ ಕನ್ನಡಕ್ಕೆ ಬಳಸಿಕೊಂಡವು. ಆದಕಾರಣ ಫಾಂಟು ಇಲ್ಲದ ಗಣಕದಲ್ಲಿ ಪಿಎಚ್.ಡಿ. ಪ್ರಬಂಧವೂ ಜನಪದ ಗೀತೆಗಳ ಸಂಗ್ರಹವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತವೆ. ಗಡಿನಾಡಿನಲ್ಲಿ ಇಂತಹ ಕಡತವೊಂದು ಕಣ್ಮರೆಯಾದರೆ ಅದರ ಮತ್ತೊಂದು ಪ್ರತಿ ಬೇರೆಲ್ಲಿಯೂ ಇರಲಿಕ್ಕಿಲ್ಲ. ಯಾವ ನವೀಕರಣವೂ ಹಳೆಯ ಕಡತವನ್ನು ಓದುವ ಸಾಮರ್ಥ್ಯವನ್ನು ಕೈಬಿಡಕೂಡದು. ಯುನಿಕೋಡಿಗೆ ಪರಿವರ್ತಿಸುವಾಗಲೂ ಮೂಲ ಪ್ರತಿಯನ್ನು ಅಳಿಸಕೂಡದು.

ಱ, ೞಗಳನ್ನು ನಾವು ಇಂದು ಬರೆಯುವುದಿಲ್ಲ. ಆದರೆ ಓದುವ ವಿದ್ಯೆಯನ್ನು ಬಿಟ್ಟಿಲ್ಲ. ಆದ್ದರಿಂದಲೇ ಪಂಪನ ಕಾವ್ಯ ಇಂದಿಗೂ ನಮ್ಮದಾಗಿದೆ. ತಂತ್ರಾಂಶವನ್ನು ಆಯ್ದುಕೊಳ್ಳುವಾಗ ಕನ್ನಡ ವಿಭಾಗಗಳು ಬೆಲೆಯೊಡನೆ ಈ ಎರಡು ಪ್ರಶ್ನೆಗಳನ್ನೂ ಕೇಳಲಿ: ನಾಳೆಯ ಅಕ್ಷರವನ್ನು ಇದು ಕಲಿಯಬಲ್ಲದೆ? ನಿನ್ನೆಯ ಕಡತವನ್ನು ಓದಬಲ್ಲದೆ?