ದೂರಪಯಣದ ಸೈಕಲ್ಲಿಗೆ ಹೇರು

ಸೈಕಲ್ಲಿನ ಹಿಂಗಾಲಿಯ ಇಕ್ಕೆಲಗಳಲ್ಲಿ ತೂಗುವ ಚೀಲವನ್ನು ಆಂಗ್ಲರು 'ಪ್ಯಾನಿಯರ್' ಎಂದು ಕರೆಯುತ್ತಾರೆ. ಈ ಶಬ್ದದ ಬೇರು ಲ್ಯಾಟಿನ್ ಭಾಷೆಯ ರೊಟ್ಟಿ. ರೊಟ್ಟಿಯ ಬುಟ್ಟಿಯು ಕಾಲಾಂತರದಲ್ಲಿ ಹೇರುಪ್ರಾಣಿಗಳ ಜೋಡುಬುಟ್ಟಿಯಾಗಿ, ಕಟ್ಟಕಡೆಗೆ ಸೈಕಲ್ಲನ್ನೂ ಏರಿತು. ಕನ್ನಡಿಗರಿಗೆ ಈ ವಸ್ತು ಅಪರಿಚಿತವೇನಲ್ಲ. ಲಂಬಾಣಿಗರ ಹೇರೆತ್ತಿನ ಮೇಲಿನ ಗೋಣಿ ಇದರ ಸೋದರನೇ ಸರಿ. ಎರಡು ಮಗ್ಗುಲಿಗೂ ಸಮತೂಕವಿರಬೇಕೆಂಬುದನ್ನು ಆ ಜನ ಬಲ್ಲವರಾಗಿದ್ದರು. ಸಾವಿರಾರು ರೂಪಾಯಿ ತೆತ್ತು ಚೀಲ ಕೊಳ್ಳುವ ಇಂದಿನ ಸವಾರರಲ್ಲಿ ಹಲವರು ಅದನ್ನು ಬಲ್ಲವರಂತೆ ತೋರುವುದಿಲ್ಲ.

ದೂರಪಯಣದಲ್ಲಿ ಎರಡು ಬಗೆಗಳುಂಟು. ಒಂದು, ಕಾಲಮಿತಿಯ ಪಯಣ. 1891ರಲ್ಲಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಇದರ ಮೂಲಮಾದರಿ. ಇಂದು ಸುಮಾರು 1,200 ಕಿಲೋಮೀಟರನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಕ್ರಮಿಸಬೇಕು. ಬೆಂಗಳೂರಿನಿಂದ ಹೊರಡುವ 'ಬ್ರೆವೆ'ಗಳೂ ಇದೇ ಸಂಪ್ರದಾಯದವು. 600 ಕಿಲೋಮೀಟರಿಗೆ 40 ಗಂಟೆಗಳ ಅವಧಿ. ಇಂಥವರಿಗೆ ಜೋಡುಚೀಲವೂ ಬೇಡ, ಕ್ಯಾರಿಯರೂ ಬೇಡ. ಆಸನದ ಹಿಂದೆ ಪಟ್ಟಿಯಿಂದ ಬಿಗಿಯುವ ಒಂದು ಚೀಲ ಧಾರಾಳವಾಗಿ ಸಾಕು. ಇನ್ನೊಂದು, ವಾರಗಟ್ಟಲೆ ಡೇರೆ, ಅಡುಗೆಯ ಪಾತ್ರೆಗಳೊಡನೆ ಸಾಗುವ ಸಂಚಾರ. ಕ್ಯಾರಿಯರಿನ ಅಗತ್ಯ ನಿಜವಾಗಿ ಇರುವುದು ಇಲ್ಲಿಯೇ. ಈ ಭೇದವನ್ನರಿಯದೆ ಮೊದಲನೆಯ ಬಗೆಯವರು ಎರಡನೆಯವರ ಹೇರನ್ನು ಹೊತ್ತು ಏದುಸಿರುಬಿಡುವುದು ವ್ಯರ್ಥ ತಪಸ್ಸು.

ಸಂಚಾರಿಯು ಚೀಲಕ್ಕಿಂತ ಮೊದಲು ಕ್ಯಾರಿಯರನ್ನು ಆರಿಸತಕ್ಕದ್ದು. ಅಂಗಡಿಗಳಲ್ಲಿ ನಡೆಯುವುದು ಇದಕ್ಕೆ ವಿಪರೀತ: ಚೀಲದ ಬಣ್ಣಕ್ಕೆ ಮನಸೋತು, ಕ್ಯಾರಿಯರನ್ನು ಕೈಗೆ ಸಿಕ್ಕಿದ್ದರಲ್ಲಿ ಮುಗಿಸುತ್ತಾರೆ. ಅಲ್ಯೂಮಿನಿಯಂ ಹಗುರ, ಅಗ್ಗ, ತುಕ್ಕು ಹಿಡಿಯದು. ಆದರೆ ಹಳ್ಳಕೊಳ್ಳದ ರಸ್ತೆಯಲ್ಲಿ ದಿನವೂ ಕುಲುಕುವ ಭಾರಕ್ಕೆ ಅದು ದಣಿದು ಬಿರಿಯುತ್ತದೆ. ಬಿರಿದುದನ್ನು ಬೆಸೆಯಬಲ್ಲ ಕುಶಲಿ ಎಲ್ಲ ಊರುಗಳಲ್ಲಿ ದೊರೆಯಲಾರ. ಉಕ್ಕಿನದಾದರೋ ನೇಗಿಲ ಕುಳ ಬೆಸೆಯುವ ವೆಲ್ಡಿಂಗ್ ಅಂಗಡಿಯಲ್ಲೇ ಸರಿಹೋದೀತು. ಜರ್ಮನಿಯ ಟ್ಯೂಬಸ್ ಸಂಸ್ಥೆಯ ಉಕ್ಕಿನ 'ಕಾರ್ಗೊ' 40 ಕಿಲೋ ತಾಳುವುದೆಂದು ತಯಾರಕರೇ ಹೇಳಿದ್ದಾರೆ. ಸಾಮಾನ್ಯ ಅಲ್ಯೂಮಿನಿಯಂ ಕ್ಯಾರಿಯರುಗಳ ಮಿತಿ 25 ಕಿಲೋ ಆಸುಪಾಸಿನದು. ಬೆಲೆಯ ಮಾತು ಬೇರೆ. ನಮ್ಮ ಹಾಲಿನವರ ಸೈಕಲ್ಲಿನ ಕ್ಯಾರಿಯರ್ ಭಾರಕ್ಕೆ ಅಂಜುವುದಲ್ಲವಾದರೂ, ಅದರ ಪಟ್ಟಿಗಳಿಗೆ ಹೊಸ ಚೀಲಗಳ ಕೊಕ್ಕೆ ಹೊಂದುವುದು ಕಷ್ಟ. ಅದಕ್ಕೆ ಗೋಣಿ ಮತ್ತು ಹಗ್ಗವೇ ಶೋಭೆ.

ಕೊಳ್ಳುವ ಮುನ್ನ ಸೈಕಲ್ಲಿನ ಚೌಕಟ್ಟನ್ನೂ ನೋಡಬೇಕು. ಹಿಂಗಾಲಿಯ ಅಚ್ಚಿನ ಬಳಿ ತಿರುಪು ಕೂರಿಸುವ ರಂಧ್ರಗಳು ಪಂದ್ಯದ ಸೈಕಲ್ಲುಗಳಲ್ಲಿ ಅನೇಕವೇಳೆ ಇರುವುದೇ ಇಲ್ಲ. ಪೆಡಲಿಗೂ ಹಿಂಗಾಲಿಗೂ ಅಂತರ ಕಡಿಮೆಯಿದ್ದಲ್ಲಿ ಪ್ರತಿ ಸುತ್ತಿಗೂ ಹಿಮ್ಮಡಿ ಚೀಲಕ್ಕೆ ತಾಗುತ್ತದೆ. ಕ್ಯಾರಿಯರನ್ನು ಹಿಡಿದಿರುವುದು 5 ಮಿಲಿಮೀಟರಿನ ಕೆಲವೇ ತಿರುಪುಗಳು. ಅವುಗಳನ್ನು ದಿನಕ್ಕೊಮ್ಮೆ ಮುಟ್ಟಿನೋಡದ ಸವಾರ ಎಷ್ಟು ಬೆಲೆ ತೆತ್ತರೂ ಫಲವಿಲ್ಲ.

ಇನ್ನು ಚೀಲ. 1982ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆರ್ಟ್‌ಲೀಬ್ ಸಂಸ್ಥೆ ಲಾರಿಯ ಟಾರ್ಪಾಲಿನಂಥ ಬಟ್ಟೆಯಿಂದ, ಬಾಯಿಯನ್ನು ಸುರುಳಿಸುತ್ತಿ ಮುಚ್ಚುವ ಚೀಲಗಳನ್ನು ರೂಢಿಗೆ ತಂದಿತು. ಆಗುಂಬೆಯ ಆಷಾಢಕ್ಕೆ ಇಂಥದೇ ಯೋಗ್ಯ. ಇಂಗ್ಲೆಂಡಿನ ಕ್ಯಾರಡೈಸ್ 1932ರಿಂದ ಹೊಲಿಯುತ್ತಿರುವ ದಪ್ಪ ಹತ್ತಿಬಟ್ಟೆಯ ಚೀಲಗಳು ಬಯಲುಸೀಮೆಯ ಮಾಗಿಗೆ ಒಗ್ಗುತ್ತವೆ. ಒಳಗೆ ಬೆವರುವುದಿಲ್ಲ, ಹರಿದರೆ ಹೊಲಿಯಲೂಬಹುದು. ಎರಡೂ ಎಟುಕದವನು ಸಾಧಾರಣ ಚೀಲದೊಳಗೆ ಪ್ಲಾಸ್ಟಿಕ್ ಹಾಳೆ ಹಾಕಿಕೊಂಡರೆ ಸಂಕೋಚಪಡಬೇಕಾದ್ದಿಲ್ಲ. ದೊಡ್ಡ ಚೀಲದ ದೋಷವೆಂದರೆ ಅದು ತನ್ನನ್ನು ತಾನೇ ತುಂಬಿಸಿಕೊಳ್ಳುವುದು. 1884ರಿಂದ 1886ರವರೆಗೆ ಎತ್ತರದ ಗಾಲಿಯ ಸೈಕಲ್ಲಿನಲ್ಲಿ ಭೂಪ್ರದಕ್ಷಿಣೆಗೈದ ಥಾಮಸ್ ಸ್ಟೀವನ್ಸ್ ಹೊರಟಾಗ ಒಯ್ದುದು ಕಾಲುಚೀಲ, ಒಂದು ಹೆಚ್ಚಿನ ಅಂಗಿ, ಡೇರೆಯೂ ಆಗಬಲ್ಲ ಮಳೆಯಂಗಿ ಮುಂತಾದ ಕೆಲವೇ ವಸ್ತುಗಳನ್ನು.

ಎಲ್ಲಕ್ಕಿಂತ ಗುರುತರವಾದ ಮಾತೊಂದಿದೆ. ಆಸನದ ಕೆಳಗಿನ ಕೆಂಪು ದೀಪವನ್ನು ತುಂಬಿದ ಚೀಲ ಮರೆಮಾಡುತ್ತದೆ. ಹೆದ್ದಾರಿಯ ಇರುಳಿನಲ್ಲಿ ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಸವಾರನೇ ಕಾಣಿಸದಂತಾಗುತ್ತದೆ. ಆದುದರಿಂದ ದೀಪ ಕೂರಿಸುವ ತಗಡು ಕ್ಯಾರಿಯರಿನ ಹಿಂತುದಿಯಲ್ಲಿ ಇದೆಯೇ ಎಂಬುದನ್ನು ಅಂಗಡಿಯಲ್ಲೇ ಪರೀಕ್ಷಿಸಿ, ಚೀಲ ತುಂಬಿದ ಬಳಿಕ ಹತ್ತು ಮಾರು ಹಿಂದೆ ಇನ್ನೊಬ್ಬರನ್ನು ನಿಲ್ಲಿಸಿ ದೀಪ ಕಾಣುವುದೋ ಎಂದು ಕೇಳಿಯೇ ಹೊರಡಬೇಕು.